ಬಂಡೂರು ಕುರಿಮಂದೆ: ತೂಕದ ದಾಖಲೆ ಮತ್ತು ಬಿತ್ತನೆ ಟಗರಿನ ಆಯ್ಕೆ

ಮಳವಳ್ಳಿ, ಬನ್ನೂರು ಕಡೆ ಬಂಡೂರು ಕುರಿಯನ್ನು ಕೊಳ್ಳುವವರು ಮೊದಲು ನೋಡುವುದು ಅದರ ಹಿಂಭಾಗವನ್ನು. ತಲೆಕೆಳಗಾದ ‘ಯು’ ಅಕ್ಷರದಂತೆ ತುಂಬಿಕೊಂಡ ತೊಡೆ, ಗಿಡ್ಡ ಕಾಲು, ಕೊಂಬಿಲ್ಲದ ತಲೆ ಇವೆಲ್ಲ ತಳಿಯ ಲಕ್ಷಣಗಳೇ ಹೌದು. ಆದರೆ ಹೀಗೆ ಕಣ್ತುಂಬುವ ಟಗರುಮರಿಯನ್ನೇ ಬಕ್ರೀದ್ ಹೊತ್ತಿಗೆ ಮಾರಿ, ಉಳಿದವುಗಳಲ್ಲಿ ಒಂದನ್ನು ಬಿತ್ತನೆಗೆ ಇಟ್ಟುಕೊಂಡರೆ ಮಂದೆಯ ಗುಣ ಇಳಿಯುತ್ತಲೇ ಹೋಗುತ್ತದೆ. ಯಾವ ಮರಿಯನ್ನು ಮಾರಬಾರದೆಂಬುದು ಸಂತೆಗೆ ಮುಂಚೆಯೇ ದಾಖಲೆ ಪುಸ್ತಕದಲ್ಲಿ ತೀರ್ಮಾನವಾಗಿರಬೇಕು.

ತಂದೆ ಯಾವುದೆಂದು ತಿಳಿಯದಿದ್ದರೆ ಆ ಪುಸ್ತಕಕ್ಕೆ ಅರ್ಧ ಬೆಲೆಯೂ ಇಲ್ಲ. ಆದ್ದರಿಂದ ಒಂದು ಟಗರಿಗೆ 25–30 ಕುರಿಗಳಂತೆ ಬೇರೆ ಬೇರೆ ರೊಪ್ಪಗಳಲ್ಲಿ ಕೂಡಿ, ಟಗರು ಬಿಟ್ಟ ದಿನವನ್ನು ಬರೆದಿಡಿ. ಕುರಿ ಸುಮಾರು 17 ದಿನಗಳಿಗೊಮ್ಮೆ ಬೆದೆಗೆ ಬರುವುದರಿಂದ 35 ದಿನ ಜೊತೆಗಿಟ್ಟರೆ ಸಾಕು. ಮರಿಗಳೂ ಒಂದೇ ಕಾಲಕ್ಕೆ ಹುಟ್ಟಿ, ಹೋಲಿಕೆ ಸುಲಭವಾಗುತ್ತದೆ.

ಮರಿ ಹುಟ್ಟಿದ 24 ಗಂಟೆಯೊಳಗೆ ಕಿವಿಗೆ ಸಂಖ್ಯೆಯ ಬಿಲ್ಲೆ ಹಾಕಿ, ತೂಕ, ಗಂಡೋ ಹೆಣ್ಣೋ, ಒಂಟಿಯೋ ಅವಳಿಯೋ, ತಂದೆತಾಯಿಯ ಸಂಖ್ಯೆ ಇವಿಷ್ಟನ್ನು ದಾಖಲಿಸಿ. ಸತ್ತ ಮರಿಯನ್ನೂ ಬಿಡದೆ ಬರೆಯಬೇಕು, ಏಕೆಂದರೆ ಅದು ತಾಯಿಯ ಲೆಕ್ಕಕ್ಕೆ ಸೇರುತ್ತದೆ.

ಮರಿಗಳಿಗೆ ಮೂರು ತಿಂಗಳಾಗುವ ಸುಮಾರಿಗೆ ಒಂದು ಬೆಳಿಗ್ಗೆ, ಮೇಯಲು ಬಿಡುವ ಮುನ್ನ, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ. ವಯಸ್ಸಿನಲ್ಲಿ ಹೆಚ್ಚುಕಡಿಮೆ ಇದ್ದೇ ಇರುವುದರಿಂದ ತೂಕವನ್ನು 90 ದಿನಕ್ಕೆ ಹೊಂದಿಸಿಕೊಳ್ಳಬೇಕು. ಹುಟ್ಟುವಾಗ 2 ಕಿಲೋ ಇದ್ದ ಮರಿ 84ನೆಯ ದಿನ 12.5 ಕಿಲೋ ತೂಗಿದರೆ, ಏರಿದ 10.5 ಕಿಲೋವನ್ನು 84ರಿಂದ ಭಾಗಿಸಿ. ದಿನಕ್ಕೆ 125 ಗ್ರಾಂ ಸಿಗುತ್ತದೆ. ಅದನ್ನು 90ರಿಂದ ಗುಣಿಸಿ ಹುಟ್ಟಿನ ತೂಕ ಕೂಡಿಸಿದರೆ 13.25 ಕಿಲೋ. ಆದರೂ ಅವಳಿ ಮರಿಯನ್ನು ಒಂಟಿ ಮರಿಯೊಂದಿಗೆ, ಚೊಚ್ಚಲ ಕುರಿಯ ಮರಿಯನ್ನು ನಾಲ್ಕು ಸೂಲು ಕಂಡ ಕುರಿಯ ಮರಿಯೊಂದಿಗೆ ನೇರವಾಗಿ ತೂಗಿ ನೋಡುವುದು ನ್ಯಾಯವಲ್ಲ. ಮುದ್ದಿನ ಮರಿಯೊಂದಕ್ಕೆ ಗುಟ್ಟಾಗಿ ಕೈತಿಂಡಿ ಹಾಕಿದರಂತೂ ಲೆಕ್ಕವೆಲ್ಲ ಕೆಟ್ಟಂತೆಯೇ.

ಆರು ತಿಂಗಳಿಗೆ ಮತ್ತೊಮ್ಮೆ ತೂಗಿ, ಎರಡೂ ಸಲ ಮುಂದಿರುವ ಟಗರುಗಳಲ್ಲಿ ವೃಷಣಗಳೆರಡೂ ಸಮನಾಗಿ ಬೆಳೆದಿರುವ, ದವಡೆ ಸರಿಯಾಗಿ ಕೂಡುವ, ಗೊರಸು ಗಟ್ಟಿಯಿರುವವನ್ನು ಮಾತ್ರ ಉಳಿಸಿಕೊಳ್ಳಿ. ಹೆಣ್ಣು ಕುರಿಗಳ ಅಳತೆಗೋಲು ಬೇರೆ: ವರ್ಷಕ್ಕೆ ಎಷ್ಟು ಮರಿಗಳನ್ನು ಹಾಲು ಬಿಡಿಸುವವರೆಗೆ ಬದುಕಿಸಿತು ಎಂಬುದು.

ಟಗರು ತನ್ನ ಮಗಳ ಮೇಲೆಯೇ ಹಾರದಂತೆ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಪಕ್ಕದೂರಿನ ಮಂದೆಯೊಂದಿಗೆ ಅದಲುಬದಲು ಮಾಡಿಕೊಳ್ಳುವಾಗ ಟಗರಿನ ಜೊತೆಗೆ ಅದರ ತಂದೆತಾಯಿಯ ದಾಖಲೆಯ ಪ್ರತಿಯನ್ನೂ ಕೇಳಿ ಪಡೆಯಿರಿ.