ಚಿತ್ರದುರ್ಗದಿಂದ ಮೈಸೂರಿಗೆ 200 ನಿಮಿಷ

ಜನವರಿಯ ಒಂದು ಭಾನುವಾರ ಬೆಳಿಗ್ಗೆ 6.40ಕ್ಕೆ ತಮ್ಮ ಚಿತ್ರದುರ್ಗದಲ್ಲಿ ಪಾರಿವಾಳದ ಬುಟ್ಟಿ ಬಿಚ್ಚಿದ. 10 ಗಂಟೆಗೆ ನನ್ನ ಬೂದು ಹೋಮರ್ (ದೂರದಿಂದ ಬಿಟ್ಟರೂ ಗೂಡಿಗೆ ಮರಳುವ ಪಾರಿವಾಳ) ಹೆಣ್ಣು ಮೈಸೂರು ಮಂಡಿ ಮೊಹಲ್ಲಾದ ನಮ್ಮ ತಾರಸಿಗೆ ಇಳಿಯಿತು. ಕೊಕ್ಕು ತೆರೆದೇ ಇತ್ತು, ಕಾಲು ಬಿಸಿಯಾಗಿತ್ತು. ಕೈ ನಡುಗುತ್ತಲೇ ಅದರ ಕಾಲಿನ ಗುರುತಿನ ರಿಂಗಿನ ಫೋಟೊ ತೆಗೆದೆ.

"ಮೈಸೂರು ಪಾರಿವಾಳ ಅಷ್ಟು ದೂರದಿಂದ ಬರಲ್ಲ ಗುರು, ಬೆಂಗಳೂರು ಗುಂಪು ಸೇರ್ಕೊಂಡು ಹೋಗತ್ತೆ" ಅಂತ ಹಳಬರು ನಗುತ್ತಿದ್ದರು. ಮೊದಲ ವರ್ಷ ಹೆಚ್ಚುಕಡಿಮೆ ಹಾಗೇ ಆಯಿತು. ನಾಗಮಂಗಲದಿಂದ ಚೆನ್ನಾಗಿ ಬಂದವಲ್ಲ ಅಂತ ಕೊಬ್ಬಿ, ಮುಂದಿನ ವಾರವೇ ಹಿರಿಯೂರಿಗೆ ಒಯ್ದೆ. 14ರಲ್ಲಿ 5 ಬಂದವು. ಅದರಲ್ಲೂ ಒಂದು ಮೂರನೇ ದಿನ ಬಂತು, ಗಿಡುಗ ಬಾಲ ಕಿತ್ತಿತ್ತು. ಮರಿ, ಕಾಳು, ಬಾಡಿಗೆ ಗಾಡಿ ಎಲ್ಲ ಸೇರಿ 25 ಸಾವಿರ ಹೋಯಿತು. ಹೆಂಡತಿಗೆ 12 ಅಂತ ಹೇಳಿದ್ದೇನೆ.

ಎರಡನೇ ವರ್ಷ ಗಾಡಿ ಬಿಟ್ಟೆ. ಹತ್ತಿರದ ಊರಿಗೆ ಮೊದಲ ಬಸ್ಸು, ದೂರಕ್ಕೆ ರಾತ್ರಿ ಬಸ್ಸು, ಬುಟ್ಟಿಗೂ ಟಿಕೆಟ್. ಹಿರಿಯೂರು ರಸ್ತೆ ಸುಮಾರಾಗಿ ನೇರ ಉತ್ತರಕ್ಕೇ ಹೋಗುತ್ತದೆ. ಹಕ್ಕಿಗಳನ್ನು ಪಳಗಿಸಲು ಅದೇ ನನ್ನ ಗೆರೆ. ಪಾಂಡವಪುರ, ನಾಗಮಂಗಲ, ಬೆಳ್ಳೂರು ಕ್ರಾಸ್, ಚಿಕ್ಕನಾಯಕನಹಳ್ಳಿ, ಹಿರಿಯೂರು. ಒಂದೊಂದು ಜಾಗದಿಂದ ಮೂರು ಸಲ ಬಿಟ್ಟೆ. ಚಿಕ್ಕನಾಯಕನಹಳ್ಳಿಯಲ್ಲಿ ಒಂದು ದಿನ 9 ಆದರೂ ಮಂಜು ಕರಗಲಿಲ್ಲ. ಟೀ ಅಂಗಡಿ ಬೆಂಚಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದರೆ ಮೂರು ಜನ "ಕೋಳಿ ಎಷ್ಟಣ್ಣ?" ಅಂತ ಕೇಳಿದರು. ಬಿಚ್ಚದೆ ವಾಪಸ್ ತಂದೆ. ಮೊದಲ ವರ್ಷವಾಗಿದ್ದರೆ ಬಿಟ್ಟುಬಿಡುತ್ತಿದ್ದೆ.

ದೂರದ ಲೆಕ್ಕದಲ್ಲೂ ಮೊದಮೊದಲು ನಗೆಪಾಟಲಾದೆ. ರಸ್ತೆಯ ಕಿಲೋಮೀಟರ್ ಹಿಡಿದು ವೇಗ ಹೇಳುತ್ತಿದ್ದೆ. ಹಕ್ಕಿಗೇನು ರಸ್ತೆ? ಮೊಬೈಲ್ ಮ್ಯಾಪಿನಲ್ಲಿ ಚಿತ್ರದುರ್ಗದಲ್ಲಿ ಬುಟ್ಟಿ ಬಿಚ್ಚಿದ ಜಾಗದಿಂದ ತಾರಸಿಗೆ ನೇರ ಗೆರೆ ಎಳೆದರೆ ಸುಮಾರು 215 ಕಿ.ಮೀ. ಅಂದರೆ ನಿಮಿಷಕ್ಕೆ 1,075 ಮೀಟರ್, ಗಂಟೆಗೆ 64ರ ಮೇಲೆ. ರಸ್ತೆ ಲೆಕ್ಕದಲ್ಲಿ 75ರ ಹತ್ತಿರ ಅಂತ ಕೊಚ್ಚಿಕೊಳ್ಳಬಹುದಿತ್ತು. ಚಳಿಗಾಲದ ಈಶಾನ್ಯದ ಗಾಳಿ ಬೆನ್ನಿಗಿತ್ತು, ಒಪ್ಪುತ್ತೇನೆ. ಆದರೆ ಗಾಳಿ ಎಲ್ಲರ ಹಕ್ಕಿಗೂ ಒಂದೇ ಅಲ್ವಾ?

ಸುಮ್ನೆ ಒಂದು ಆಟ ಆಡಿದ್ದೂ ಇದೆ. ಮಂಡ್ಯ ಸ್ಟೇಷನ್ ಹೊರಗೆ ಎರಡು ಹಕ್ಕಿ ಬಿಟ್ಟು ಪ್ಯಾಸೆಂಜರ್ ರೈಲಿಗೆ ಕಾದೆ. ನೇರ ದೂರ ಸುಮಾರು 35 ಕಿ.ಮೀ. ರೈಲು ಶ್ರೀರಂಗಪಟ್ಟಣ ಮುಟ್ಟುವ ಮೊದಲೇ ಮಗಳ ಫೋನು: "ಅಪ್ಪಾ, ಎರಡೂ ಬಂದು ನೀರು ಕುಡೀತಿವೆ."

ಚಿತ್ರದುರ್ಗದಿಂದ ಬಂದ ದಿನ ಬೂದು ಹೆಣ್ಣು ಮೊಟ್ಟೆಗೆ ಕೂತಿತ್ತು. ಆಗ ಗೂಡಿಗೆ ಮರಳುವ ಆಸೆ ಜಾಸ್ತಿ ಇರುತ್ತದೆ, ನಿಮಗೂ ಗೊತ್ತು. ಕೂತು ಎಷ್ಟನೇ ದಿನಕ್ಕೆ ಬುಟ್ಟಿಗೆ ಹಾಕಿದೆ, ಹಿಂದಿನ ರಾತ್ರಿ ಜೋಳದ ಜೊತೆ ಏನು ಕೊಟ್ಟೆ ಅಂತ ಮಾತ್ರ ಕೇಳಬೇಡಿ.

ಬರುವ ಜನವರಿಗೆ ಬಳ್ಳಾರಿ. ನೇರ ಗೆರೆ 315 ಕಿ.ಮೀ. ತಮ್ಮ ಈಗಲೇ ರಾತ್ರಿ ಬಸ್ಸಾದರೆ ನಾನು ಬರಲ್ಲ ಅಂತಿದ್ದಾನೆ.