ಇಬ್ಬರ ಕೈಗೂ ಒಗ್ಗಿದ ಪಿಸ್ತೂಲು

ತೀರ್ಥಹಳ್ಳಿ ಕಡೆ ನಮ್ಮ ಅಜ್ಜನ ಮನೆಯಲ್ಲಿ ಒಂದು ಜೋಡುನಳಿಗೆ ಕೋವಿ ಇತ್ತು. ತೋಟಕ್ಕೆ ಹಂದಿ ನುಗ್ಗಿದರೆ ಅದು ಹೊರಗೆ ಬರುತ್ತಿತ್ತು. ಚುನಾವಣೆ ಬಂದರೆ ಪೊಲೀಸ್ ಠಾಣೆ ಸೇರುತ್ತಿತ್ತು. ತೋಟದಿಂದ ವಾಪಸ್ ಬಂದ ಅಜ್ಜ ಅಂಗಳದಲ್ಲೇ ನಿಂತು ಕೋವಿ ಮಡಚಿ, ತೋಟೆ ತೆಗೆದು ಜೇಬಿಗೆ ಹಾಕಿಕೊಂಡು, ಎರಡೂ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮೆಟ್ಟಿಲು ಹತ್ತುತ್ತಿದ್ದರು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಪಿಸ್ತೂಲು ಕೊಳ್ಳಲು ಹೊರಟಾಗ ಬಂದೂಕಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಇಲ್ಲಿರುವ ನಮ್ಮವರಿಗೆ ಮೊದಲು ಒಂದು ಮಾತು. ಎಚ್‌1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ನಿಜ. ಆದರೆ ಗೆಳೆಯರ ಜೊತೆ ರೇಂಜಿಗೆ (ಗುಂಡು ಹೊಡೆಯುವ ಅಭ್ಯಾಸದ ಜಾಗಕ್ಕೆ) ಹೋಗಿ ಸುಮ್ನೆ ಎರಡು ಗುಂಡು ಹೊಡೆದು ಬರೋಣ ಅನ್ನುವುದೂ ತೊಂದರೆಗೆ ದಾರಿಯಾಗಬಹುದು. ವಕೀಲರನ್ನು ಕೇಳದೆ ಮುಟ್ಟಬೇಡಿ. ನಾನು ಗ್ರೀನ್ ಕಾರ್ಡ್ ಬರುವ ತನಕ ಕಾದೆ. ಆಮೇಲೆ ಅಂಗಡಿಯಲ್ಲಿ 4473 ಅನ್ನುವ ಫಾರ್ಮ್ ತುಂಬಿದೆ, ಹಿನ್ನೆಲೆ ತಪಾಸಣೆ ಆಯಿತು, ಅದೇ ದಿನ ಕೈಗೆ ಬಂತು.

ಕೈಗೆ ಬಂದದ್ದು ಮಾತ್ರ ತಪ್ಪು ಆಯ್ಕೆ. "ಮನೆಯಲ್ಲಿ ಹೆಂಗಸರೂ ಬಳಸಬೇಕಾ? ಹಾಗಾದರೆ ಚಿಕ್ಕ ರಿವಾಲ್ವರ್ ತಗೊಳ್ಳಿ" ಅಂದ ಅಂಗಡಿಯವನ ಮಾತು ನಂಬಿದೆ. ಐದು ಗುಂಡಿನ .38 (ಇದು ಗುಂಡಿನ ಅಳತೆ), ತೂಕ ಅರ್ಧ ಕಿಲೋಗೂ ಕಡಿಮೆ. ಅಂಗೈಯಲ್ಲಿ ಮುದ್ದಾಗಿ ಕೂರುತ್ತಿತ್ತು. ರೇಂಜಿನಲ್ಲಿ ಹೆಂಡತಿ ಎರಡು ಗುಂಡು ಹೊಡೆದು ಕೆಳಗಿಟ್ಟಳು. "ರೀ, ಇದು ನನ್ನ ಕೈಲಾಗಲ್ಲ." ಅವಳ ಹೆಬ್ಬೆರಳಿನ ಬುಡ ಕೆಂಪಾಗಿತ್ತು. ಟ್ರಿಗರ್ ಎಷ್ಟು ಬಿಗಿ ಅಂದರೆ ಅದನ್ನು ಪೂರ್ತಿ ಎಳೆಯುವಷ್ಟರಲ್ಲಿ ನಳಿಗೆಯ ತುದಿ ಗುರಿ ಬಿಟ್ಟು ಎಲ್ಲೋ ಹೋಗುತ್ತಿತ್ತು. ಬಂದೂಕು ಹಗುರ ಆದಷ್ಟೂ ಒದೆತ ಜಾಸ್ತಿ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಅಜ್ಜನ ಕೋವಿ ಅಷ್ಟು ಭಾರ ಇದ್ದದ್ದು ಸುಮ್ನೆ ಅಲ್ಲ.

ಆಮೇಲೆ ನಾವು ಮಾಡಿದ್ದೇ ಸರಿಯಾದ ದಾರಿ ಅಂತ ಈಗಲೂ ಎಲ್ಲರಿಗೂ ಹೇಳುತ್ತೇನೆ. ಇಲ್ಲಿನ ಬಹಳಷ್ಟು ರೇಂಜುಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ನಾಲ್ಕು ಶನಿವಾರ ಇಬ್ಬರೂ ಜೊತೆಗೇ ಹೋಗಿ ಒಂದೊಂದನ್ನೇ ಹೊಡೆದು ನೋಡಿದೆವು. ಸ್ಮಿತ್ ಅಂಡ್ ವೆಸನ್ 686 ರಿವಾಲ್ವರ್ ಕಿಲೋ ಮೀರಿದ ಉಕ್ಕಿನ ಗಟ್ಟಿ. .38 ಗುಂಡು ಹಾಕಿದರೆ ಒದೆತವೇ ಗೊತ್ತಾಗುವುದಿಲ್ಲ. ನನಗೆ ತುಂಬಾ ಇಷ್ಟವಾಯಿತು. ಆದರೆ ಆರೇ ಗುಂಡು. ಕತ್ತಲಲ್ಲಿ, ಕೈ ನಡುಗುವಾಗ, ಅದಕ್ಕೆ ಮತ್ತೆ ಗುಂಡು ತುಂಬುವುದು ನಮ್ಮಿಂದ ಆಗದ ಕೆಲಸ. ಸಿಗ್ ಪಿ365 ಅನ್ನುವ ಪುಟ್ಟ ಪಿಸ್ತೂಲು ಸೊಂಟದಲ್ಲಿಟ್ಟು ಓಡಾಡುವವರಿಗೆ ಚೆನ್ನ. ನಮಗೆ ಬೇಕಿದ್ದದ್ದು ಮನೆಯಲ್ಲೇ ಇರುವ ಪಿಸ್ತೂಲು. ಸಣ್ಣದಾಗಿ ಇರಲೇಬೇಕು ಅಂತ ಏನಿಲ್ಲವಲ್ಲ?

ಕೊನೆಗೆ ಉಳಿದದ್ದು ಗ್ಲಾಕ್ 19, ಐದನೇ ಪೀಳಿಗೆಯದು. 9 ಎಂಎಂ, 15 ಗುಂಡಿನ ಮ್ಯಾಗಜೀನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ), ಸುಮಾರು ನಾಲ್ಕು ಇಂಚಿನ ನಳಿಗೆ. ನಮ್ಮೂರಲ್ಲಿ 9 ಎಂಎಂ ಸಾಮಾನ್ಯ ಜನರಿಗೆ ಸಿಗುವುದಿಲ್ಲ, ರಿವಾಲ್ವರ್ ಲೈಸೆನ್ಸ್ ಇದ್ದವರ ಹತ್ತಿರವೂ ಹೆಚ್ಚಾಗಿ ಇರುವುದು .32. ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ, ಅಭ್ಯಾಸಕ್ಕೆ ಕೈಗೆಟುಕುವ ಗುಂಡು ಇದೇ. ಎಫ್‌ಬಿಐ ಕೂಡ .40 ಬಿಟ್ಟು ಇದಕ್ಕೇ ವಾಪಸ್ ಬಂತು.

ನಮ್ಮ ನಿರ್ಧಾರ ಆದದ್ದು ಮಾತ್ರ ಒಂದು ಸಣ್ಣ ವಿಷಯದಿಂದ. ಹೆಂಡತಿಗೆ ಎಡಗೈ. ಈ ಪಿಸ್ತೂಲಿನಲ್ಲಿ ಸ್ಲೈಡ್ (ಗುಂಡು ಒಳಗೆ ಕೂರಿಸಲು ಹಿಂದಕ್ಕೆ ಎಳೆಯುವ ಮೇಲ್ಭಾಗ) ತಡೆಯುವ ಕೀಲು ಎರಡೂ ಬದಿಗೆ ಇದೆ. ಮ್ಯಾಗಜೀನ್ ಬಿಡಿಸುವ ಗುಂಡಿಯನ್ನು ಬೇಕಾದ ಬದಿಗೆ ಬದಲಾಯಿಸಬಹುದು. ಹಿಡಿಯ ಹಿಂಭಾಗಕ್ಕೆ ಬೇರೆ ಬೇರೆ ದಪ್ಪದ ತುಂಡು ಹಾಕಿಕೊಳ್ಳಬಹುದು. ನಾವು ಗುಂಡಿಯನ್ನು ಅವಳ ಕೈಗೆ ಸರಿಹೊಂದುವಂತೆ ಬದಲಾಯಿಸಿ, ತುಂಡು ಯಾವುದನ್ನೂ ಹಾಕದೆ ಬಿಟ್ಟೆವು. ನಾನು ಬಲಗೈಯ ತೋರುಬೆರಳಿನಲ್ಲಿ ಆ ಗುಂಡಿಯನ್ನು ಒತ್ತಲು ಕಲಿತೆ.

ಸ್ಲೈಡ್ ಎಳೆಯುವುದು ಮೊದಲು ಅವಳಿಗೆ ಕಷ್ಟವಾಯಿತು. ರೇಂಜಿನಲ್ಲಿ ಕಲಿಸುವ ಹಿರಿಯರೊಬ್ಬರು ಹತ್ತಿರ ಬಂದು, "ಎಳೆಯಬೇಡಮ್ಮ, ತಳ್ಳು" ಅನ್ನುವ ಅರ್ಥದಲ್ಲಿ ಹೇಳಿದರು. ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಗೆ ಗುರಿಯ ಕಡೆಗೇ ಇರಬೇಕು, ಬೆರಳು ಟ್ರಿಗರ್‌ನಿಂದ ಹೊರಗೆ. ಬಲಗೈಯಿಂದ ಸ್ಲೈಡನ್ನು ಮೇಲಿನಿಂದ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು, ಹಿಡಿ ಹಿಡಿದ ಎಡಗೈಯನ್ನು ಜೋರಾಗಿ ಮುಂದಕ್ಕೆ ತಳ್ಳಬೇಕು. ಮೂರನೇ ಸಲಕ್ಕೆ ಖಟಕ್ ಅಂತ ಬಂತು. ಆವತ್ತು ಅವಳ ಮುಖದ ಗೆಲುವು ನೋಡಿಯೇ ಇದೇ ಸಾಕು ಅನ್ನಿಸಿತು.

ನನ್ನ ಕಷ್ಟ ಬೇರೆ. ಏಳು ಗಜ ದೂರದ ಕಾಗದದಲ್ಲಿ ನನ್ನ ಗುಂಡುಗಳೆಲ್ಲ ಕೆಳಗೆ, ಎಡಕ್ಕೆ ಬೀಳುತ್ತಿದ್ದವು. ಪಿಸ್ತೂಲಿನದೇ ದೋಷ ಅಂದುಕೊಂಡಿದ್ದೆ. ಅದೇ ಹಿರಿಯರು ನನಗೆ ಕಾಣದ ಹಾಗೆ ಮ್ಯಾಗಜೀನಿನಲ್ಲಿ ಎರಡು ಡಮ್ಮಿ (ಸಿಡಿಯದ) ಗುಂಡು ಸೇರಿಸಿ ಕೊಟ್ಟರು. ಮೂರು ಹೊಡೆದೆ. ನಾಲ್ಕನೆಯದಕ್ಕೆ ಬರೀ ಟಿಕ್ ಅಂತು. ಶಬ್ದವಿಲ್ಲ, ಒದೆತವಿಲ್ಲ, ಆದರೂ ನಳಿಗೆಯ ಮೂತಿ ಅಂಗುಲದಷ್ಟು ಕೆಳಗೆ ಬಾಗಿತ್ತು! ಒದೆತ ಬರುವ ಮುಂಚೆಯೇ ಕೈ ಹೆದರಿ ಕೆಳಕ್ಕೆ ಒತ್ತುತ್ತಿತ್ತು. ಅದನ್ನು ಬಿಡಿಸಿದ್ದು ರೂಗರ್ ಮಾರ್ಕ್ 4 ಅನ್ನುವ .22 ಪಿಸ್ತೂಲು. ಅದನ್ನೂ ಬಾಡಿಗೆಗೇ ತೆಗೆದುಕೊಂಡೆ. ಒದೆತ ಇಲ್ಲವೇ ಇಲ್ಲ ಅನ್ನಬಹುದು. ಎರಡು ತಿಂಗಳು ಅದರಲ್ಲಿ ಮೊದಲು ಐವತ್ತು ಗುಂಡು ಹೊಡೆದು, ಆಮೇಲೆ ಗ್ಲಾಕ್ ಹಿಡಿಯುತ್ತಿದ್ದೆ. ಈಗ ಅದೇ ಏಳು ಗಜದಲ್ಲಿ ಹತ್ತಕ್ಕೆ ಎಂಟು ಗುಂಡು ಅಂಗೈಯಗಲದೊಳಗೆ ಬೀಳುತ್ತವೆ.

ಎರಡು ಎಚ್ಚರಿಕೆ ಹೇಳಲೇಬೇಕು. ಗ್ಲಾಕ್‌ಗೆ ಬೇರೆ ಸೇಫ್ಟಿ ಗುಂಡಿ ಇಲ್ಲ, ಇರುವುದು ಟ್ರಿಗರ್‌ನಲ್ಲೇ. ಇನ್ನೊಂದು, ಸ್ವಚ್ಛ ಮಾಡಲು ಬಿಚ್ಚುವ ಮುಂಚೆ ಟ್ರಿಗರ್ ಒತ್ತಲೇಬೇಕು. ಒಳಗೆ ಒಂದು ಗುಂಡು ಉಳಿದಿದ್ದರೆ ಏನಾಗುತ್ತದೆ ಯೋಚಿಸಿ. ಮ್ಯಾಗಜೀನ್ ತೆಗೆದ ಮೇಲೂ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ, ಒಂದು ಇರಬಹುದು. ನಾನು ಕಣ್ಣಿಂದ ನೋಡಿ, ಕಿರುಬೆರಳು ಒಳಗಿಟ್ಟು ಮುಟ್ಟಿ, ಮತ್ತೊಮ್ಮೆ ನೋಡುತ್ತೇನೆ. ಗುಂಡುಗಳು ಆಗ ಬೇರೆ ಕೋಣೆಯಲ್ಲಿರುತ್ತವೆ.

ಮನೆಯ ವಿಷಯಕ್ಕೆ ಬಂದರೆ, ಇಲ್ಲಿನ ಒಳಗೋಡೆಗಳು ಇಟ್ಟಿಗೆಯವಲ್ಲ. ಅರ್ಧ ಇಂಚಿನ ಜಿಪ್ಸಮ್ ಹಲಗೆ ಅಷ್ಟೇ. ಗುಂಡು ಎರಡು ಮೂರು ಗೋಡೆ ದಾಟಿ ಹೋಗುತ್ತದೆ. ರೇಂಜಿನಲ್ಲಿ ಹೊಡೆಯುವ ಮಾಮೂಲಿ ಗುಂಡು ಇನ್ನೂ ಜಾಸ್ತಿ ದೂರ ಹೋಗುತ್ತದೆ ಅಂತ ಮನೆಗೆ ಹಾಲೋ ಪಾಯಿಂಟ್ (ತುದಿ ಟೊಳ್ಳಾದ ಗುಂಡು) ಇಟ್ಟಿದ್ದೇವೆ. ಅದೂ ಗೋಡೆ ದಾಟುವುದೇ. ಒಂದು ಭಾನುವಾರ ಮಧ್ಯಾಹ್ನ ಬರಿಗೈಯಲ್ಲಿ ನಮ್ಮ ಮಲಗುವ ಕೋಣೆಯಲ್ಲಿ ನಿಂತು, ಬಾಗಿಲಿನ ಕಡೆ ಬೆರಳು ತೋರಿಸಿ, ಆ ಗೆರೆ ಎಲ್ಲಿಗೆ ಹೋಗುತ್ತದೆ ಅಂತ ನಡೆದು ನೋಡಿದೆ. ಬಾಗಿಲು, ಪಡಸಾಲೆ, ಗೋಡೆ, ಅದರ ಆಚೆ ಮಗಳ ಮಂಚ. ದಿಂಬು ಇರುವ ಕಡೆಯೇ. ಎದೆ ಝಲ್ಲೆಂದಿತು. ಹೆಂಡತಿಯನ್ನು ಕರೆದು ತೋರಿಸಿದೆ. ಸಂಜೆಯೊಳಗೆ ಮಂಚ ಇನ್ನೊಂದು ಮೂಲೆಗೆ ಹೋಯಿತು. ಶಬ್ದ ಕೇಳಿದರೆ ಮೊದಲು ಮಗಳನ್ನು ನಮ್ಮ ಕೋಣೆಗೆ ಕರೆತರುವುದು, ಚಿಲಕ ಹಾಕಿ 911ಕ್ಕೆ ಫೋನ್ ಮಾಡುವುದು, ಪಿಸ್ತೂಲು ಹಿಡಿದು ಮನೆಯೆಲ್ಲ ಹುಡುಕಲು ಹೋಗದೆ ಇರುವುದು ಅಂತ ಮಾತಾಡಿಕೊಂಡೆವು.

ಪಿಸ್ತೂಲು ಮಂಚದ ಪಕ್ಕ, ನೆಲಕ್ಕೆ ಬೋಲ್ಟ್ ಮಾಡಿದ ಚಿಕ್ಕ ಪೆಟ್ಟಿಗೆಯಲ್ಲಿದೆ. ಒತ್ತುಗುಂಡಿಗಳ ಬೀಗ, ಬ್ಯಾಟರಿ ಬೇಡ. ಕಣ್ಣು ಮುಚ್ಚಿಕೊಂಡು ತೆಗೆಯುವುದನ್ನು ಇಬ್ಬರೂ ರೂಢಿ ಮಾಡಿಕೊಂಡಿದ್ದೇವೆ. ಹದಿನೇಳು ತುಂಬದ ಮಕ್ಕಳ ಕೈಗೆ ಬಂದೂಕು ಸಿಗುವಂತೆ ಬಿಟ್ಟರೆ ಟೆಕ್ಸಾಸ್‌ನಲ್ಲಿ ಅದು ಅಪರಾಧ. ಕಾನೂನು ಇಲ್ಲದಿದ್ದರೂ ನಾವು ಹಾಗೇ ಇಡುತ್ತಿದ್ದೆವು.

ತಿಂಗಳಿಗೊಮ್ಮೆ ರೇಂಜಿಗೆ ಹೋಗುತ್ತೇವೆ, ಇಬ್ಬರಿಗೂ ನೂರು ನೂರು ಗುಂಡು. ಕಿವಿಗೆ ಒಳಗೊಂದು ಬೆಣೆ, ಮೇಲೊಂದು ಮುಚ್ಚಳ. ಮನೆಗೆ ಬಂದು ಸೀಸದ ಪುಡಿ ಹೋಗುವ ಹಾಗೆ ತಣ್ಣೀರಲ್ಲಿ ಸೋಪು ಹಾಕಿ ಕೈ ತೊಳೆದು, ಬಟ್ಟೆ ಬದಲಾಯಿಸಿ, ಆಮೇಲೆ ಮಗಳನ್ನು ಎತ್ತಿಕೊಳ್ಳುವುದು. ಪಿಸ್ತೂಲಿಗೇ ಲೈಟ್ ಹಾಕಿಸಬೇಕೋ ಬೇಡವೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಅವಳಿಗೆ ಬೇಕು. ನನಗೆ, ಬೆಳಕು ಬಿಟ್ಟು ನೋಡಬೇಕಾದ ಕಡೆಗೆಲ್ಲ ನಳಿಗೆಯೂ ತಿರುಗುತ್ತದಲ್ಲ ಅನ್ನುವ ಚಿಂತೆ. ಸದ್ಯಕ್ಕೆ ಪೆಟ್ಟಿಗೆಯ ಪಕ್ಕ ಒಂದು ಕೈಟಾರ್ಚ್ ಇದೆ.