ಬೋವಾ ಹಾವಿಗೆ ಉಣಿಸುವ ಬಗೆ

ಪುಣೆಯ ಕೋಥ್ರುಡ್‌ನಲ್ಲಿರುವ ನನ್ನ ಸೋದರಳಿಯನ ಮನೆಯಲ್ಲಿ ನಾಲ್ಕು ವರ್ಷಗಳಿಂದ ಒಂದು ಬೋವಾ ಕನ್‌ಸ್ಟ್ರಿಕ್ಟರ್ ಹಾವು ಇದೆ. ಧಾರವಾಡದಿಂದ ಬಂದಾಗಲೆಲ್ಲ ಅವನ ತಾಯಿ, ಅಂದರೆ ನನ್ನ ಅಕ್ಕ, ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಕೇಳುವ ಮೊದಲ ಮಾತು ‘ಇವತ್ತರೆ ಅದಕ್ಕ ಏನರೆ ಹಾಕೀಯೇನಪಾ?’ ಎಂಬುದು. ಇಪ್ಪತ್ತು ದಿನಗಳ ಹಿಂದೆ ಹಾಕಿದ್ದೇನೆ ಎಂದು ಅವನು ಹೇಳಿದರೆ ಆಕೆಗೆ ಸಮಾಧಾನವಾಗುವುದಿಲ್ಲ. ಮನೆಗೆ ಬಂದವರ ಎಲೆಗೆ ಇನ್ನೊಂದು ಹೋಳಿಗೆ ಬಡಿಸದೆ ಬಿಡದ ಈ ರೂಢಿ ಮನುಷ್ಯರಿಗೆ ಒಪ್ಪುತ್ತದೆ, ಬೋವಾಕ್ಕೆ ಒಪ್ಪುವುದಿಲ್ಲ. ಮೊದಲ ವರ್ಷ ಅಳಿಯನೂ ಇದೇ ಮಮತೆಯಿಂದ ವಾರಕ್ಕೊಂದು ದೊಡ್ಡ ಇಲಿ ಕೊಟ್ಟು, ಡಿಸೆಂಬರಿನ ಒಂದು ಬೆಳಿಗ್ಗೆ ಅರೆ ಜೀರ್ಣವಾದ ಇಲಿಯನ್ನು ಪೆಟ್ಟಿಗೆಯಿಂದ ಬಳಿದು ತೆಗೆಯಬೇಕಾಯಿತು. ಆ ದುರ್ವಾಸನೆಯೇ ಈ ಲೇಖನಕ್ಕೆ ಕಾರಣ ಎಂದರೂ ತಪ್ಪಾಗದು.

ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ವಿಷರಹಿತ ಹಾವು. ಅದು ಬೇಟೆಯನ್ನು ಬೆನ್ನಟ್ಟಿ ಹೋಗುವುದಿಲ್ಲ. ಒಂದೆಡೆ ಅಲುಗಾಡದೆ ಕಾದು ಕುಳಿತು, ಹತ್ತಿರ ಸುಳಿದದ್ದನ್ನು ಹಿಡಿಯುತ್ತದೆ. ಸಿಕ್ಕಾಗ ಉಂಡು, ಸಿಗದಾಗ ವಾರಗಟ್ಟಲೆ ಸುಮ್ಮನಿರುವುದಕ್ಕೆ ಹೊಂದಿಕೊಂಡ ಮೈ ಅದರದು. ಗಾಜಿನ ಪೆಟ್ಟಿಗೆಯಲ್ಲಿ ಓಡಾಟವೂ ಕಡಿಮೆಯಾಗುವುದರಿಂದ, ಸಾಕಿದ ಬೋವಾಗಳು ಹಸಿವಿಗಿಂತ ಬೊಜ್ಜಿನಿಂದಲೇ ಹೆಚ್ಚಾಗಿ ಕೆಡುತ್ತವೆ.

ಮೊದಲು ಕಾಗದಪತ್ರ

ಇಲಿಯ ಮಾತಿಗೆ ಮುನ್ನ ಕಾನೂನಿನ ಮಾತನ್ನು ಮುಗಿಸಿಬಿಡುವುದು ಲೇಸು. ಹೆಬ್ಬಾವು, ಮಣ್ಣುಮುಕ್ಕ ಮುಂತಾದ ನಮ್ಮ ನೆಲದ ಹಾವುಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಸಾಕುವಂತಿಲ್ಲ. ಬೋವಾ ಹೊರದೇಶದ್ದಾದರೂ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರಲ್ಲಿ ಹೊರಡಿಸಿದ ನಿಯಮಗಳಂತೆ, ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್ ಮೂಲಕ ನೋಂದಣಿ ಮಾಡಿಸಬೇಕು. ಅದು ಮರಿ ಹಾಕಿದರೂ ಸತ್ತರೂ ಕೈ ಬದಲಾದರೂ ತಿಳಿಸಬೇಕು. ದಾಖಲೆಯಿಲ್ಲದ ಹಾವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಚೆನ್ನಾಗಿ ನೋಡಿಕೊಂಡರೆ ಬೋವಾ 20ರಿಂದ 30 ವರ್ಷ ಬದುಕುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು. ಫಿಲಡೆಲ್ಫಿಯಾದ ಮೃಗಾಲಯದಲ್ಲಿದ್ದ ಒಂದು ಬೋವಾ 40 ವರ್ಷ ದಾಟಿ 1977ರಲ್ಲಿ ಸತ್ತಿತು.

ಪೆಟ್ಟಿಗೆಯ ಬಿಸಿ

ಹಾವಿನ ಹೊಟ್ಟೆ ತನ್ನಷ್ಟಕ್ಕೆ ಬಿಸಿಯಾಗಿರುವುದಿಲ್ಲ. ಹೊರಗಿನ ಶಾಖವೇ ಅದರ ಜಠರಾಗ್ನಿ. ಶಾಖ ಸಾಲದಿದ್ದರೆ ನುಂಗಿದ ಇಲಿ ಜೀರ್ಣವಾಗುವ ಬದಲು ಒಳಗೇ ಕೊಳೆಯತೊಡಗುತ್ತದೆ. ಹಾವು ಅದನ್ನು ಹೊರಗೆ ಕಕ್ಕುತ್ತದೆ. ಆದ್ದರಿಂದ ಉಣಿಸುವ ಕೆಲಸ ಇಲಿಯಿಂದಲ್ಲ, ಥರ್ಮಾಮೀಟರಿನಿಂದ ಆರಂಭವಾಗಬೇಕು. ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಲಿ, ಇನ್ನೊಂದು ತುದಿ 25ರಿಂದ 27 ಡಿಗ್ರಿಯಷ್ಟು ತಂಪಾಗಿರಲಿ. ಎಲ್ಲಿ ಮಲಗಬೇಕೆಂಬುದನ್ನು ಹಾವೇ ಆರಿಸಿಕೊಳ್ಳುತ್ತದೆ. ಬಿಸಿ ಕೊಡುವ ಸಾಧನ ಯಾವುದೇ ಇರಲಿ, ಅದನ್ನು ಶಾಖ ಮಿತಿ ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್‌ಗೆ ಜೋಡಿಸಲೇಬೇಕು. ಇಲ್ಲವಾದರೆ ಹಾವು ಮೈ ಸುಟ್ಟುಕೊಳ್ಳುವ ಅಪಾಯವಿದೆ. ಕೈಯಿಂದ ಮುಟ್ಟಿ ‘ಬೆಚ್ಚಗಿದೆ’ ಎನ್ನುವುದು ಅಳತೆಯಲ್ಲ.

ಇಲ್ಲಿ ಊರಿನ ಹವೆಯನ್ನೂ ನೋಡಬೇಕಾಗುತ್ತದೆ. ಪುಣೆಯಲ್ಲಿ ಜನವರಿಯ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಅಂಥ ರಾತ್ರಿ ಎರಡು ಗಂಟೆ ವಿದ್ಯುತ್ ಹೋದರೂ ಹಿಂದಿನ ದಿನ ಉಂಡ ಹಾವಿಗೆ ತೊಂದರೆಯಾಗಬಹುದು. ಪುಣೆಯವರು ಚಳಿಗಾಲದಲ್ಲಿ ಪೆಟ್ಟಿಗೆಯ ಹೀಟರನ್ನು ಇನ್ವರ್ಟರ್‌ಗೆ ಜೋಡಿಸಿಕೊಂಡು, ಊಟವನ್ನು ಚಿಕ್ಕದಾಗಿಸಿ, ಅಂತರವನ್ನು ಹೆಚ್ಚಿಸುವುದು ಒಳ್ಳೆಯದು. ಮುಂಬಯಿ ಮತ್ತು ಗೋವೆಯಲ್ಲಿ ಚಳಿಯ ಚಿಂತೆ ಕಡಿಮೆ, ಮಳೆಗಾಲದ ಚಿಂತೆ ಹೆಚ್ಚು. ಬೋವಾಕ್ಕೆ ಶೇ 60ರಿಂದ 70ರಷ್ಟು ತೇವಾಂಶ ಹಿತ. ಜುಲೈ ತಿಂಗಳಿನಲ್ಲಿ ಆ ಎರಡೂ ಕಡೆ ಹೊರಗಿನ ಗಾಳಿಯೇ 80ರ ಮೇಲಿರುತ್ತದೆ. ಹಾಸು ಒದ್ದೆಯಾಗಿಯೇ ಉಳಿದರೆ ಹೊಟ್ಟೆಯಡಿಯ ಪರೆಗಳು ಕೊಳೆಯುತ್ತವೆ. ಪುಣೆಯ ಏಪ್ರಿಲ್ ಇದಕ್ಕೆ ತದ್ವಿರುದ್ಧ: ಒಣಗಾಳಿಗೆ ಪೊರೆ ತುಂಡುತುಂಡಾಗಿ ಅಂಟಿಕೊಳ್ಳುತ್ತದೆ. ಆಗ ನೀರಿನ ಬೋಗುಣಿಯನ್ನು ದೊಡ್ಡದಾಗಿಸಿ, ಒದ್ದೆ ಪಾಚಿ ತುಂಬಿದ ಒಂದು ಅಡಗುಡಬ್ಬಿಯನ್ನು ಇಟ್ಟರೆ ಸಾಕು.

ಏನು ಕೊಡಬೇಕು, ಎಷ್ಟು ದೊಡ್ಡದು

ಬೋವಾಕ್ಕೆ ಬೇಕಾದದ್ದು ಇಡೀ ಪ್ರಾಣಿ. ಎಲುಬಿನಿಂದ ಸುಣ್ಣ, ಯಕೃತ್ತಿನಿಂದ ಜೀವಸತ್ವ, ಮಾಂಸದಿಂದ ಸಾರ, ಹೀಗೆ ಒಂದೇ ಇಲಿಯಲ್ಲಿ ಅದಕ್ಕೆ ಬೇಕಾದುದೆಲ್ಲ ಇದೆ. ಕೋಳಿ ಅಂಗಡಿಯಿಂದ ತಂದ ಎದೆಮಾಂಸದ ತುಂಡಿನಲ್ಲಿ ಇದು ಯಾವುದೂ ಪೂರ್ತಿ ಇರುವುದಿಲ್ಲ. ಹಾಲಿನ ಮಾತನ್ನು ಎತ್ತದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ನಾಗರಪಂಚಮಿಯ ದಿನ ನೆರೆಯವರು ಬಟ್ಟಲು ಹಿಡಿದು ಬರುವುದು ಕೋಥ್ರುಡ್‌ನಲ್ಲಿಯೂ ಉಂಟು. ಹಾವುಗಳಿಗೆ ಹಾಲು ಜೀರ್ಣವಾಗುವುದಿಲ್ಲ. ಬಂದ ಬಟ್ಟಲನ್ನು ವಿನಯದಿಂದ ದೇವರ ಮುಂದೆ ಇರಿಸಿ, ಪೆಟ್ಟಿಗೆಯಲ್ಲಿ ಶುದ್ಧ ನೀರನ್ನಷ್ಟೇ ಇಡಿ.

ಇಲಿಯ ಗಾತ್ರಕ್ಕೆ ಒಂದು ಸರಳ ನಿಯಮವಿದೆ: ಹಾವಿನ ಮೈಯ ಅತ್ಯಂತ ದಪ್ಪ ಭಾಗಕ್ಕಿಂತ ಇಲಿ ದಪ್ಪಗಿರಬಾರದು, ಸ್ವಲ್ಪ ಸಣ್ಣದಾಗಿದ್ದರೆ ಇನ್ನೂ ಒಳ್ಳೆಯದು. ಬಾಯಿ ಎಷ್ಟು ಅಗಲವಾಗಿ ತೆರೆಯುತ್ತದೆ ಎಂಬುದನ್ನು ನೋಡಿ ಗಾತ್ರ ನಿರ್ಧರಿಸಬೇಡಿ. ಕೆಳದವಡೆಯ ಎರಡು ಎಲುಬುಗಳು ಮುಂದುಗಡೆ ಹಿಗ್ಗುವ ನಾರಿನಿಂದ ಮಾತ್ರ ಜೋಡಿಸಲ್ಪಟ್ಟಿರುವುದರಿಂದ ಹಾವಿನ ಬಾಯಿಗೆ ಹಿಡಿಸದ್ದು ಕಡಿಮೆ. ಬಾಯಿಗೆ ಹಿಡಿಸಿದ್ದೆಲ್ಲ ಹೊಟ್ಟೆಗೆ ಹಿಡಿಸಬೇಕಲ್ಲ. ತೂಕದ ಲೆಕ್ಕದಲ್ಲಿ ಹೇಳುವುದಾದರೆ, ಮರಿಗೆ ಅದರ ತೂಕದ ಶೇ 10ರಷ್ಟು, ಬೆಳೆದ ಹಾವಿಗೆ ಶೇ 5ರ ಸುಮಾರಿನ ಊಟ ಸಾಕು. ಹುಟ್ಟುವಾಗ ಬೋವಾ ಸುಮಾರು ಅರ್ಧ ಮೀಟರ್ ಉದ್ದವಿರುತ್ತದೆ; 50 ಗ್ರಾಂ ತೂಗುವ ಅಂಥ ಮರಿಗೆ ಆಗತಾನೆ ರೋಮ ಮೂಡಿದ 5 ಗ್ರಾಂನ ಚಿಟ್ಟಿಲಿಮರಿ ಸರಿಯಾದ ತುತ್ತು. 4 ಕಿಲೋ ತೂಗುವ ದೊಡ್ಡ ಹಾವಿಗೆ 200 ಗ್ರಾಂನ ಬಿಳಿ ಇಲಿ ಒಂದೇ ಸಾಕು. ಅಡುಗೆಮನೆಯ ತೂಕದ ಯಂತ್ರದಂಥದ್ದೇ ಇನ್ನೊಂದನ್ನು ಇದಕ್ಕೆಂದು ಕೊಂಡುಕೊಳ್ಳಿ.

ಬೀದಿಯ ಇಲಿ, ಹೆಗ್ಗಣಗಳನ್ನು ಹಿಡಿದು ಹಾಕುವ ಯೋಚನೆಯನ್ನೇ ಬಿಡಿ. ಮುಂಬಯಿಯಲ್ಲಿ ಇಲಿ ಕೊಲ್ಲುವುದಕ್ಕೆಂದೇ ಮಹಾನಗರಪಾಲಿಕೆಯ ರಾತ್ರಿ ಪಾಳಿಯ ಕೆಲಸಗಾರರಿದ್ದಾರೆ, ಮನೆಮನೆಯಲ್ಲೂ ಪಾಷಾಣದ ಬಿಲ್ಲೆಗಳಿವೆ. ವಿಷ ತಿಂದ ಇಲಿಯನ್ನು ನುಂಗಿದ ಹಾವಿಗೂ ಅದೇ ವಿಷ ಏರುತ್ತದೆ. ಮಳೆಗಾಲದಲ್ಲಿ ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಎಂಬ ಜ್ವರ ಹರಡುವುದು ಮುಂಬಯಿಯವರಿಗೆ ಹೊಸ ಸುದ್ದಿಯಲ್ಲ, ಮತ್ತು ಆ ಅಪಾಯ ಹಾವಿಗಿಂತ ಮೊದಲು ಹಿಡಿಯುವವರಿಗೆ.

ಎಷ್ಟು ದಿನಕ್ಕೊಮ್ಮೆ

ಒಂದು ವರ್ಷದೊಳಗಿನ ಮರಿಗೆ 7ರಿಂದ 10 ದಿನಕ್ಕೊಮ್ಮೆ, ಎರಡನೆಯ ವರ್ಷದಲ್ಲಿ 10ರಿಂದ 14 ದಿನಕ್ಕೊಮ್ಮೆ, ಬೆಳೆದ ಮೇಲೆ ಮೂರರಿಂದ ನಾಲ್ಕು ವಾರಕ್ಕೊಮ್ಮೆ ಎಂಬುದು ಸಾಮಾನ್ಯ ಕ್ರಮ. ದೊಡ್ಡ ಹಾವಿಗೆ ಆರು ವಾರವಾದರೂ ಕುಂದೇನೂ ಆಗದು. ಗಣೇಶ ಚೌತಿಯಿಂದ ಅನಂತ ಚತುರ್ದಶಿಯವರೆಗೆ ಮೂಷಿಕವಾಹನನ ಮನೆಯಲ್ಲಿ ಇಲಿಯನ್ನು ಹೊರತೆಗೆಯಕೂಡದು ಎಂದು ನನ್ನ ಅಕ್ಕ ಕಟ್ಟಪ್ಪಣೆ ಮಾಡಿದ್ದಾಳೆ. ಆ ವ್ರತವನ್ನು ಬೋವಾ ನಾಲ್ಕು ವರ್ಷಗಳಿಂದ ತಕರಾರಿಲ್ಲದೆ ಪಾಲಿಸುತ್ತಿದೆ.

ಕ್ರಮಕ್ಕಿಂತ ಮುಖ್ಯವಾದುದು ಹಾವಿನ ಮೈಕಟ್ಟು. ಆರೋಗ್ಯವಂತ ಬೋವಾದ ಮೈ ಅಡ್ಡಕೊಯ್ದು ನೋಡಿದರೆ ಮೂಲೆ ಸವೆದ ಚೌಕದಂತೆ ಕಾಣುವಷ್ಟು ಗಟ್ಟಿಯಾಗಿರುತ್ತದೆ. ಬೆನ್ನೆಲುಬು ಏಣಿನಂತೆ ಎದ್ದರೆ ಊಟ ಸಾಲದು. ಮೈ ಬಾಗಿದಲ್ಲಿ ಮಡಿಕೆ ಬಿದ್ದು, ಪರೆಗಳ ನಡುವೆ ಚರ್ಮ ಕಾಣುತ್ತಿದ್ದರೆ ಅಂತರವನ್ನು ಹೆಚ್ಚಿಸಬೇಕು. ಕಣ್ಣು ಹಾಲುಬಣ್ಣಕ್ಕೆ ತಿರುಗಿದ್ದರೆ ಅದು ಪೊರೆ ಬಿಡುವ ಕಾಲ. ಹೊಸ ಮೈ ಬರುವತನಕ ಊಟದ ಸುದ್ದಿ ಬೇಡ.

ಫ್ರೀಜರಿನಿಂದ ಇಕ್ಕಳದವರೆಗೆ

ಜೀವಂತ ಇಲಿಯನ್ನು ಪೆಟ್ಟಿಗೆಗೆ ಬಿಡುವುದು ಇಲಿಗೆ ಕ್ರೌರ್ಯ, ಹಾವಿಗೂ ಅಪಾಯ. ಜೀವಭಯದಲ್ಲಿರುವ ಇಲಿಯ ಬಾಚಿಹಲ್ಲು ಹಾವಿನ ಕಣ್ಣು ಕಿತ್ತದ್ದುಂಟು, ಬೆನ್ನು ಕೊರೆದದ್ದುಂಟು. ಸಾಕಿ, ನೋವಾಗದಂತೆ ಕೊಂದು, ಹೆಪ್ಪುಗಟ್ಟಿಸಿದ ಇಲಿಯೇ ಸರಿ. ಅದಕ್ಕಾಗಿ ಒಂದು ಪುಟ್ಟ ಫ್ರೀಜರನ್ನು ಬೇರೆಯಾಗಿಯೇ ಇಡಬೇಕು. ಕಾಯಿತುರಿ ಮತ್ತು ಹಿದುಕಿದ ಅವರೆಕಾಳಿನ ಡಬ್ಬಿಗಳ ಪಕ್ಕದಲ್ಲಿ ಇಲಿಯ ಪೊಟ್ಟಣ ಕಂಡರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ವಿವರಿಸಬೇಕಿಲ್ಲ; ಸಾಲ್ಮೊನೆಲ್ಲಾ ಸೋಂಕಿನ ದೃಷ್ಟಿಯಿಂದಲೂ ಇದು ಅಗತ್ಯ.

ಊಟದ ಹಿಂದಿನ ರಾತ್ರಿ ಇಲಿಯನ್ನು ಮುಚ್ಚಿದ ಡಬ್ಬಿಯಲ್ಲಿ ಹಾಕಿ, ಅದಕ್ಕೂ ಬೇರೆ ಫ್ರಿಜ್ ಇದ್ದರೆ ಅದರ ಕೆಳಗಿನ ಅರೆಯಲ್ಲಿ, ಇಲ್ಲದಿದ್ದರೆ ಐಸ್ ತುಂಡುಗಳಿರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟು ನಿಧಾನವಾಗಿ ಕರಗಲು ಬಿಡಿ. ಮರುದಿನ ಸಂಜೆ ನೀರು ನುಸುಳದ ಚೀಲದಲ್ಲಿ ಅದನ್ನು ಮುಚ್ಚಿ, ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಇಳಿಬಿಡಿ. ಹೊಟ್ಟೆಯನ್ನು ಒತ್ತಿ ನೋಡಿ. ಒಳಗೆ ಗಟ್ಟಿಯಾಗಿ, ತಣ್ಣಗಿದ್ದರೆ ಇನ್ನಷ್ಟು ಹೊತ್ತು ಬೇಕು. ಮೈಕ್ರೋವೇವ್ ಬೇಡ, ಕುದಿಯುವ ನೀರೂ ಬೇಡ. ಅವುಗಳಿಂದ ಇಲಿ ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿಯಾಗಿಯೇ ಉಳಿಯುತ್ತದೆ. ಇಲಿಯ ಮೈ 38 ಡಿಗ್ರಿಯ ಹತ್ತಿರ ಬಂದಾಗ ಹೊರತೆಗೆದು ಒರೆಸಿ. ಬೋವಾದ ತುಟಿಯ ಪರೆಗಳಿಗೆ ಶಾಖವನ್ನು ಗ್ರಹಿಸುವ ಶಕ್ತಿ ಇರುವುದರಿಂದ, ಇಲಿಯ ತಲೆಯನ್ನು ಕೊನೆಯಲ್ಲಿ ತುಸು ಹೆಚ್ಚು ಬೆಚ್ಚಗೆ ಮಾಡಿಕೊಂಡರೆ ಹಾವು ಆ ಕಡೆಯಿಂದಲೇ ಹಿಡಿಯುತ್ತದೆ, ನುಂಗುವುದೂ ಸುಲಭವಾಗುತ್ತದೆ.

ಕೈಯನ್ನು ಸಾಬೂನಿನಿಂದ ತೊಳೆದು, ಕನಿಷ್ಠ ಒಂದೂವರೆ ಅಡಿಯ ಇಕ್ಕಳದಿಂದ ಇಲಿಯ ಬೆನ್ನನ್ನು ಹಿಡಿದು, ಹಾವಿನ ಮುಖದಿಂದ ಒಂದು ಗೇಣು ದೂರದಲ್ಲಿ ಮೆಲ್ಲನೆ ಅಲುಗಾಡಿಸಿ. ಬೆರಳಿಗೂ ಇಲಿಯ ವಾಸನೆ ಅಂಟಿದ್ದರೆ ಹಾವು ಎರಡನ್ನೂ ಬೇರೆಮಾಡಿ ನೋಡುವುದಿಲ್ಲ. ದೊಡ್ಡ ಹಾವಿಗೆ ಉಣಿಸುವಾಗ ಮನೆಯಲ್ಲಿ ಇನ್ನೊಬ್ಬರು ಹತ್ತಿರವಿರಲೇಬೇಕು. ಉಣಿಸುವುದಕ್ಕೆಂದು ಬೇರೆ ಡಬ್ಬಿಗೆ ವರ್ಗಾಯಿಸುವ ಪದ್ಧತಿಯನ್ನು ಕೆಲವರು ಹೇಳುತ್ತಾರೆ. ಹೊಟ್ಟೆ ತುಂಬಿದ ಹಾವನ್ನು ಮತ್ತೆ ಎತ್ತಿ ತರುವುದೇ ಕಕ್ಕುವುದಕ್ಕೆ ದಾರಿಯಾಗುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ.

ಹಾವು ಎರಗಿ ಸುತ್ತಿಕೊಂಡ ಮೇಲೆ ಇಕ್ಕಳವನ್ನು ಕೂಡಲೇ ಬಿಡಬೇಡಿ. ಬೋವಾ ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಡಿಕಿನ್ಸನ್ ಕಾಲೇಜಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಅದರ ಹಿಡಿತ ಬೇಟೆಯ ರಕ್ತಸಂಚಾರವನ್ನೇ ಕೆಲವು ಸೆಕೆಂಡುಗಳಲ್ಲಿ ತಡೆಯುತ್ತದೆ ಎಂದು ತೋರಿಸಿತು. ಅದಕ್ಕೂ ಮೊದಲು, 2012ರಲ್ಲಿ, ಹಿಡಿತದೊಳಗಿನ ಇಲಿಯ ಎದೆಬಡಿತವನ್ನು ಬೋವಾ ಗುರುತಿಸುತ್ತದೆ, ಅದು ನಿಂತ ಮೇಲೆಯೇ ಬಿಗಿಯನ್ನು ಸಡಿಲಿಸುತ್ತದೆ ಎಂದು ಅವರೇ ಕಂಡುಕೊಂಡಿದ್ದರು. ಸತ್ತ ಇಲಿಗೆ ಎದೆಬಡಿತವಿಲ್ಲವಷ್ಟೆ. ಇಕ್ಕಳದಿಂದ ಒಂದೆರಡು ನಿಮಿಷ ಹಗುರವಾಗಿ ಎಳೆದಂತೆ ಮಾಡಿದರೆ ಹಾವು ಚೆನ್ನಾಗಿ ಬಿಗಿಯುತ್ತದೆ, ಅದಕ್ಕೆ ಬೇಕಾದ ವ್ಯಾಯಾಮವೂ ಆಗುತ್ತದೆ. ಆಮೇಲೆ ದೀಪ ಆರಿಸಿ, ಬಾಗಿಲಿಗೆ ಚಿಲಕ ಹಾಕಿ ಹೊರಬನ್ನಿ.

ಉಂಡ ಮೇಲೆ

ಕನಿಷ್ಠ 48 ಗಂಟೆ ಹಾವನ್ನು ಮುಟ್ಟಬಾರದು. ದೊಡ್ಡ ಊಟವಾಗಿದ್ದರೆ, ಹೊಟ್ಟೆಯ ಉಬ್ಬು ಇಳಿಯುವತನಕ. ನೆಂಟರಿಗೆ ತೋರಿಸುವುದಿದ್ದರೆ ಗಾಜಿನ ಹೊರಗಿನಿಂದಲೇ ತೋರಿಸಿ. ದಿನಾಂಕ, ಇಲಿಯ ತೂಕ, ಹಾವಿನ ತೂಕ, ಮಲ ಹಾಕಿದ ದಿನ, ಪೊರೆ ಬಿಟ್ಟ ದಿನ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪಶುವೈದ್ಯರು ಮೊದಲು ಕೇಳುವುದು ಇದನ್ನೇ. ಸರೀಸೃಪಗಳನ್ನು ನೋಡುವ ವೈದ್ಯರು ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ, ಅಂಥವರ ವಿಳಾಸವನ್ನು ಕಷ್ಟ ಬರುವ ಮೊದಲೇ ಹುಡುಕಿಟ್ಟುಕೊಳ್ಳಬೇಕು.

ಹಾವು ಕಕ್ಕಿದರೆ, ಪಾಪ ಹಸಿದಿದೆಯೆಂದು ಮರುದಿನವೇ ಮತ್ತೊಂದು ಇಲಿ ಕೊಡುವುದು ಅತ್ಯಂತ ಕೆಟ್ಟ ತಪ್ಪು. ಹೊರಬಂದ ಆಮ್ಲ ಅನ್ನನಾಳವನ್ನು ಸುಟ್ಟಿರುತ್ತದೆ. ಪೆಟ್ಟಿಗೆಯನ್ನು ತೊಳೆದು, ಬಿಸಿಯನ್ನು ಮತ್ತೆ ಅಳೆದು, ನೀರಿಟ್ಟು, ಎರಡು ವಾರವಾದರೂ ಏನನ್ನೂ ಕೊಡದೆ ಕಾಯಿರಿ. ಬಳಿಕ ಮೊದಲಿನ ಅರ್ಧಕ್ಕಿಂತ ಕಡಿಮೆ ತೂಕದ ಇಲಿಯಿಂದ ಆರಂಭಿಸಿ. ಎರಡನೆಯ ಸಲವೂ ಕಕ್ಕಿದರೆ, ಅಥವಾ ಹಾವು ತಲೆಯನ್ನು ಹಿಂದಕ್ಕೆ ತಿರುಚಿ ಮೇಲೆ ನೋಡುತ್ತ ಉಳಿದರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಇವು ಬೋವಾಗಳಿಗೆ ತಗಲುವ ಇನ್‌ಕ್ಲೂಷನ್ ಬಾಡಿ ಎಂಬ ವೈರಸ್ ರೋಗದ ಲಕ್ಷಣಗಳಿರಬಹುದು; ಆ ರೋಗಕ್ಕೆ ಔಷಧವಿಲ್ಲ. ಇತರ ಹಾವುಗಳಿಗೆ ಅದು ಹರಡದಂತೆ ಬೇರ್ಪಡಿಸುವುದೊಂದೇ ಸಾಧ್ಯ.

ಇಲಿಯನ್ನು ಮುಟ್ಟದೆ ಬಿಟ್ಟರೆ ಗಾಬರಿಯಾಗಬೇಕಿಲ್ಲ. ರಾತ್ರಿಯೆಲ್ಲ ಅದನ್ನು ಅಲ್ಲೇ ಕೊಳೆಯಲು ಬಿಡದೆ, ಎರಡು ಗಂಟೆಯ ನಂತರ ತೆಗೆದುಬಿಡಿ. ಕರಗಿದ ಇಲಿಯನ್ನು ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ. ಎರಡು ಪದರ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ತೂಕ ಇಳಿಯದಿದ್ದರೆ ಮುಂದಿನ ಪ್ರಯತ್ನ ಹತ್ತು ದಿನಗಳ ಬಳಿಕವೇ.